ಸ್ಟೇಷನ್ ವ್ಯಾಗನ್: ಆರು ವರ್ಷ ಬಳಸಿದ ಮೇಲೆ

ಹೊಸ ಕಾರು ನೋಡಲು ಹೋದವರು ಮೊದಲು ಚಾಲಕನ ಬಾಗಿಲು ತೆರೆದು ಸೀಟಿನಲ್ಲಿ ಕೂರುತ್ತಾರೆ, ಸ್ಟೀರಿಂಗ್ ಹಿಡಿಯುತ್ತಾರೆ, ಎದುರಿನ ಪರದೆಯನ್ನು ಮುಟ್ಟಿ ನೋಡುತ್ತಾರೆ. ಸ್ಟೇಷನ್ ವ್ಯಾಗನ್ನಿನ ಯೋಗ್ಯತೆ ಮಾತ್ರ ತಿಳಿಯುವುದು ಎರಡೂ ಕೈಗಳಲ್ಲಿ ಭಾರ ಹಿಡಿದು, ಸುರಿಯುವ ಮಳೆಯಲ್ಲಿ ಅದರ ಹಿಂಬಾಗಿಲಿನ ಎದುರು ನಿಂತಾಗ. ಆರು ವರ್ಷಗಳಿಂದ ಒಂದು ವ್ಯಾಗನ್ನನ್ನು ದಿನಬಳಕೆಗೆ ಇಟ್ಟುಕೊಂಡಿರುವ ನನಗೆ ಅನ್ನಿಸುವುದು ಇಷ್ಟು: ಈ ಕಾರಿನ ಒಳ್ಳೆಯ ಗುಣಗಳೆಲ್ಲ ಕೊಳ್ಳುವ ದಿನ ಕಣ್ಣಿಗೆ ಬೀಳುವುದಿಲ್ಲ, ಕೊಂಡು ಒಂದು ತಿಂಗಳಾದ ಮೇಲೆ ಒಂದೊಂದಾಗಿ ಗೊತ್ತಾಗುತ್ತವೆ, ಅಷ್ಟು ಹೊತ್ತಿಗೆ ಬಹುತೇಕ ಮಂದಿ ಬೇರೆ ಬಗೆಯ ಕಾರು ಕೊಂಡಾಗಿರುತ್ತದೆ. ನನ್ನದು ಮಧ್ಯಮ ಗಾತ್ರದ, ಸೆಕೆಂಡ್ ಹ್ಯಾಂಡ್ ಆಗಿ ಕೊಂಡ, ಡೀಸೆಲ್ ಎಂಜಿನ್ನಿನ ವ್ಯಾಗನ್. ಅದಕ್ಕೂ ಮೊದಲು ಇದ್ದದ್ದು ಸೆಡಾನ್. ಮನೆಯವರ ಒಲವು ಇದ್ದದ್ದು ಎತ್ತರದ ಎಸ್‌ಯುವಿಯ ಕಡೆಗೆ. ಇಲ್ಲಿ ನಾನು ವಿಮರ್ಶಿಸುತ್ತಿರುವುದು ಒಂದು ಕಂಪನಿಯ ಒಂದು ಮಾದರಿಯನ್ನಲ್ಲದೆ ಇಡೀ ಬಗೆಯನ್ನೇ ಆದ್ದರಿಂದ ನನ್ನ ಕಾರಿನ ಹೆಸರು ಹೇಳುವ ಅಗತ್ಯ ಕಾಣಲಿಲ್ಲ.

ಸೆಡಾನ್ ಒಂದರ ಛಾವಣಿಯನ್ನು ಹಿಂಬದಿಯ ಬಂಪರಿನ ತನಕ ಎಳೆದು, ಅಲ್ಲಿ ನೆಟ್ಟಗೆ ಇಳಿಸಿ, ಮೇಲಕ್ಕೆ ತೆರೆಯುವ ಒಂದು ದೊಡ್ಡ ಬಾಗಿಲು ಕೂರಿಸಿದರೆ ಅದು ಸ್ಟೇಷನ್ ವ್ಯಾಗನ್. ಬ್ರಿಟನ್ನಿನಲ್ಲಿ ಇದನ್ನು ಎಸ್ಟೇಟ್ ಎನ್ನುತ್ತಾರೆ, ಫ್ರೆಂಚರು ಬ್ರೇಕ್ ಎನ್ನುತ್ತಾರೆ, ಜರ್ಮನರು ಕೊಂಬಿ ಎನ್ನುತ್ತಾರೆ. ಕಂಪನಿಗಳು ತಮ್ಮ ತಮ್ಮ ಪಾಲಿಗೆ ಅವಾಂಟ್, ಟೂರಿಂಗ್, ವೇರಿಯಂಟ್ ಎಂದು ನಾಮಕರಣ ಮಾಡಿಕೊಂಡಿವೆ. ರೈಲು ನಿಲ್ದಾಣದಲ್ಲಿ ಇಳಿದ ಪ್ರಯಾಣಿಕರನ್ನೂ ಅವರ ಪೆಟ್ಟಿಗೆಗಳನ್ನೂ ಒಟ್ಟಿಗೆ ಹೊತ್ತೊಯ್ಯಲು ಕಳೆದ ಶತಮಾನದ ಆರಂಭದಲ್ಲಿ ಕಟ್ಟುತ್ತಿದ್ದ ಮರದ ಮೈಯ ಗಾಡಿಗಳಿಂದ ಬಂದ ಹೆಸರು ಇದು. ಜನ ಮತ್ತು ಸಾಮಾನು ಎರಡಕ್ಕೂ ಸಮಾನ ಗೌರವ ಕೊಟ್ಟು ಕಟ್ಟಿದ ಕಾರು ಎಂಬ ಅರ್ಥ ಹೆಸರಿನಲ್ಲೇ ಉಳಿದುಕೊಂಡಿದೆ.

ಸಾಮಾನಿನ ವಿಷಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಎಲ್ಲರೂ ತಪ್ಪು ತಿಳಿಯುವುದು ಇಲ್ಲಿಯೇ. ಡಿಕ್ಕಿಯ ಅಳತೆಯನ್ನು ಲೀಟರುಗಳಲ್ಲಿ ಹೇಳುತ್ತಾರೆ. ಯುರೋಪಿನಲ್ಲಿ ಸಾಮಾನ್ಯವಾಗಿ ಬಳಸುವ ಜರ್ಮನ್ ಕಾರು ಉದ್ಯಮ ಸಂಘದ ವಿಧಾನದಲ್ಲಿ 200, 100 ಮತ್ತು 50 ಮಿಲಿಮೀಟರ್ ಅಳತೆಯ ಒಂದು ಲೀಟರಿನ ಇಟ್ಟಿಗೆಗಳನ್ನು ಡಿಕ್ಕಿಯ ಮೂಲೆಮೂಲೆಗೂ ಪೇರಿಸಿ ಎಣಿಸಲಾಗುತ್ತದೆ. ಸ್ಕೋಡಾ ಆಕ್ಟೇವಿಯಾದ ನಾಲ್ಕನೆಯ ಪೀಳಿಗೆಯಲ್ಲಿ ಹೀಗೆ ಎಣಿಸಿದರೆ ಇಳಿಜಾರು ಬೆನ್ನಿನ ಲಿಫ್ಟ್‌ಬ್ಯಾಕಿಗೆ 600 ಲೀಟರ್, ವ್ಯಾಗನ್ನಿಗೆ 640 ಲೀಟರ್ ಸಿಗುತ್ತದೆ. ಬರೇ 40 ಲೀಟರಿಗೆ ಇಷ್ಟೆಲ್ಲ ಗದ್ದಲವೇ ಎಂದು ಯಾರಾದರೂ ಕೇಳಬಹುದು, ನಾನೂ ಒಮ್ಮೆ ಕೇಳಿದ್ದೆ. ಆದರೆ ನಮ್ಮ ಮನೆಯ ಸಾಮಾನು ಯಾವುದೂ ಒಂದು ಲೀಟರಿನ ಇಟ್ಟಿಗೆಯ ಆಕಾರದಲ್ಲಿಲ್ಲ. ಮಡಚಿದ ಗಾಲಿಕುರ್ಚಿ, ಕುಂಡದಲ್ಲಿ ನೆಟ್ಟಗೆ ನಿಲ್ಲಿಸಲೇಬೇಕಾದ ಗಿಡ, ಮುಂಚಕ್ರ ಕಳಚಿದ ಸೈಕಲ್ ಇವಕ್ಕೆಲ್ಲ ಬೇಕಾದದ್ದು ಘನ ಅಳತೆಗಿಂತ ಬಾಯಿಯ ಅಗಲ, ನೇರವಾದ ಗೋಡೆ, ಮಟ್ಟಸವಾದ ನೆಲ. ನನ್ನ ಹಳೆಯ ಸೆಡಾನಿನ ಡಿಕ್ಕಿ ಕಾಗದದ ಮೇಲೆ ಚಿಕ್ಕದಾಗಿರಲಿಲ್ಲ. ಆದರೆ ಅದರ ಬಾಯಿ ಅಂಚೆ ಡಬ್ಬಿಯ ಬಾಯಿಯಂತಿತ್ತು. ಒಳಗೆ ಜಾಗವಿದೆ ಎಂದು ಗೊತ್ತಿದ್ದೂ ಸಾಮಾನನ್ನು ಒಳಗೆ ಕಳಿಸಲಾಗದೆ ರಸ್ತೆ ಬದಿಯಲ್ಲಿ ನಿಂತು ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ.

ವ್ಯಾಗನ್ ಕೊಂಡ ಮೂರನೆಯ ವಾರದಲ್ಲಿ ಒಂದು ಪುಸ್ತಕದ ಕಪಾಟನ್ನು ತರಬೇಕಾಯಿತು. ಬಿಡಿಭಾಗಗಳಾಗಿ ಚಪ್ಪಟೆ ಪೆಟ್ಟಿಗೆಯಲ್ಲಿ ಕಟ್ಟಿಟ್ಟ ಅದರ ಉದ್ದ ಸುಮಾರು 1.8 ಮೀಟರ್, ತೂಕ ಇಬ್ಬರು ಎತ್ತುವಷ್ಟು. ಡಿಕ್ಕಿಯ ಪಕ್ಕದ ಗೋಡೆಯಲ್ಲಿದ್ದ ಹಿಡಿಯನ್ನು ಎಳೆದೊಡನೆ ಹಿಂದಿನ ಸೀಟಿನ ಒರಗು ತಾನಾಗಿ ಮುಂದಕ್ಕೆ ಬಿದ್ದು ನೆಲಕ್ಕೆ ಸಮನಾಯಿತು. ಪೆಟ್ಟಿಗೆಯ ಒಂದು ತುದಿಯನ್ನು ಹೊಸ್ತಿಲ ಮೇಲಿಟ್ಟು, ಇನ್ನೊಂದು ತುದಿಯನ್ನು ಹೊಟ್ಟೆಯಿಂದ ತಳ್ಳಿದೆ. ಅದು ಜಾರಿಕೊಂಡು ಹೋಗಿ ಮುಂದಿನ ಸೀಟಿನ ಬೆನ್ನಿಗೆ ತಾಗಿ ನಿಂತಿತು, ಬಾಗಿಲು ಮುಚ್ಚಿತು. ಎರಡನೆಯವರು ಸಹಾಯಕ್ಕೆ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಆ ಹೊಸ್ತಿಲು ನೆಲದಿಂದ ಸುಮಾರು 62 ಸೆಂಟಿಮೀಟರ್ ಎತ್ತರದಲ್ಲಿದೆ, ಅಂದರೆ ಮೊಣಕಾಲಿಗಿಂತ ತುಸು ಮೇಲೆ. ಎತ್ತರದ ಎಸ್‌ಯುವಿಗಳಲ್ಲಿ ಇದೇ ಅಂಚು ಸಾಮಾನ್ಯವಾಗಿ 70 ಸೆಂಟಿಮೀಟರನ್ನು ದಾಟುತ್ತದೆ. ಒಂದು ಗೇಣಿಗೂ ಕಡಿಮೆಯಾದ ಈ ವ್ಯತ್ಯಾಸ ಕೈಚೀಲಕ್ಕೆ ಏನೂ ಅಲ್ಲ, ಇಪ್ಪತ್ತೈದು ಕಿಲೋ ತೂಕದ ಚೀಲ ಹಿಡಿದ ಬೆನ್ನಿಗೆ ಬಹಳ ದೊಡ್ಡದು.

ನನಗಿಂತ ಚೆನ್ನಾಗಿ ಇದನ್ನು ಬಲ್ಲದ್ದು ನಮ್ಮ ಮುದಿ ನಾಯಿ. ಅದರ ಹಿಂಗಾಲುಗಳಲ್ಲಿ ಶಕ್ತಿ ಕುಂದಿದೆ. ಗೆಳೆಯರೊಬ್ಬರ ಎಸ್‌ಯುವಿಯ ಹಿಂದೆ ನಿಂತರೆ ಅದು ಒಮ್ಮೆ ಬಾಗಿಲನ್ನೂ ಒಮ್ಮೆ ನಮ್ಮ ಮುಖವನ್ನೂ ನೋಡಿ ಕೂತುಬಿಡುತ್ತದೆ. ವ್ಯಾಗನ್ನಿನಲ್ಲಾದರೆ ಮುಂಗಾಲುಗಳನ್ನು ಹೊಸ್ತಿಲಿಗೆ ತಾನೇ ಇಡುತ್ತದೆ, ಕೆಳಗಿನಿಂದ ಒಂದು ಕೈ ಕೊಟ್ಟರೆ ಸಾಕು, ಒಳಗೆ ಹೋಗಿ ಎರಡು ಸುತ್ತು ಸುತ್ತಿ ಮಲಗುತ್ತದೆ. ಹೊಸ್ತಿಲಿಗೂ ಒಳನೆಲಕ್ಕೂ ನಡುವೆ ಮೆಟ್ಟಿಲಿನಂಥ ತಗ್ಗು ಇಲ್ಲದಿರುವುದು ಎಷ್ಟು ಮುಖ್ಯ ಎಂಬುದು ಅದರ ಉಗುರುಗಳ ಸದ್ದು ಕೇಳಿದ ಮೇಲೆ ನನಗೆ ತಿಳಿಯಿತು.

ಛಾವಣಿಯ ಎತ್ತರದ ಬಗ್ಗೆಯೂ ಒಂದು ಮಾತು. ವ್ಯಾಗನ್ನುಗಳ ಎತ್ತರ ಸಾಮಾನ್ಯವಾಗಿ ಒಂದೂವರೆ ಮೀಟರಿನ ಆಸುಪಾಸಿನಲ್ಲಿರುತ್ತದೆ. ಛಾವಣಿಯ ಕಂಬಿಗಳಿಗೆ ಏಣಿಯನ್ನೋ ಸೈಕಲನ್ನೋ ಕಟ್ಟುವಾಗ ನೆಲದ ಮೇಲೆ ನಿಂತೇ ಎರಡೂ ಬದಿಗೆ ಕೈ ಎಟುಕುತ್ತದೆ. ಏಣಿ ಕಟ್ಟಲು ಇನ್ನೊಂದು ಏಣಿ ಹುಡುಕುವ ಪ್ರಸಂಗ ಬರುವುದಿಲ್ಲ.

ಓಡಿಸುವಾಗ ವ್ಯಾಗನ್ ಹೇಗಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು: ಸೆಡಾನಿನ ಹಾಗೆಯೇ ಇರುತ್ತದೆ. ತಳ ಅದೇ, ಎಂಜಿನ್ ಅದೇ, ಚಕ್ರಗಳ ನಡುವಿನ ಅಂತರವೂ ಬಹುಪಾಲು ಅದೇ. ಹಿಂದಿನ ಲೋಹ ಮತ್ತು ಗಾಜಿನಿಂದಾಗಿ ಹತ್ತಾರು ಕಿಲೋ ತೂಕ ಹೆಚ್ಚು ಇರುತ್ತದೆ. ಎಸ್‌ಯುವಿಗೆ ಹೋಲಿಸಿದರೆ ಗುರುತ್ವ ಕೇಂದ್ರ ಕೆಳಗಿರುವುದರಿಂದ ತಿರುವಿನಲ್ಲಿ ಮೈ ವಾಲುವುದು ಕಡಿಮೆ, ವಾಲುವಿಕೆಯನ್ನು ತಡೆಯಲೆಂದು ಸಸ್ಪೆನ್ಷನ್ನನ್ನು ಗಡುಸುಗೊಳಿಸುವ ಅಗತ್ಯವೂ ಕಡಿಮೆ. ಎತ್ತರದ ಕಾರಿನಲ್ಲಿ ಹೊಟ್ಟೆ ತೊಳಸುತ್ತದೆ ಎನ್ನುತ್ತಿದ್ದ ನಮ್ಮ ಮನೆಯ ಮಗು ಇದರಲ್ಲಿ ಪುಸ್ತಕ ಓದುತ್ತದೆ. ಗಾಳಿಗೆ ಎದುರಾಗುವ ಮೈಯ ವಿಸ್ತೀರ್ಣ ಎಸ್‌ಯುವಿಗಿಂತ ಚಿಕ್ಕದಾದ ಕಾರಣ ಹೆದ್ದಾರಿಯ ವೇಗದಲ್ಲಿ ಇಂಧನವೂ ಉಳಿಯುತ್ತದೆ. ಬ್ಯಾಟರಿ ಕಾರುಗಳಲ್ಲಿ ಈ ಲೆಕ್ಕ ಇನ್ನಷ್ಟು ಬಿಗಿ, ಏಕೆಂದರೆ ಅಲ್ಲಿ ಗಾಳಿಯನ್ನು ಸೀಳಲು ಖರ್ಚಾದ ಶಕ್ತಿ ನೇರವಾಗಿ ಕಿಲೋಮೀಟರುಗಳಲ್ಲಿ ಕಡಿತವಾಗುತ್ತದೆ, ಫೋಕ್ಸ್‌ವ್ಯಾಗನ್ ಐಡಿ.7 ಟೂರರ್, ಬಿಎಂಡಬ್ಲ್ಯು ಐ5 ಟೂರಿಂಗ್, ಆಡಿ ಎ6 ಅವಾಂಟ್ ಇ-ಟ್ರಾನ್ ಮುಂತಾದವು ಈಚಿನ ವರ್ಷಗಳಲ್ಲಿ ಕಾಣಿಸಿಕೊಂಡಿರುವುದು ವ್ಯಾಗನ್ ಪ್ರಿಯರಿಗೆ ಸಣ್ಣ ಸಮಾಧಾನ.

ವ್ಯಾಗನ್ ಎಂದರೆ ಸೋಮಾರಿ ಗಾಡಿ ಎಂದು ನಂಬಿದವರಿಗೆ ಎರಡು ಉದಾಹರಣೆ ಸಾಕು. 1994ರಲ್ಲಿ ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ಪಿಗೆ ವೋಲ್ವೊ ಕಂಪನಿ ತನ್ನ 850 ಮಾದರಿಯ ಎಸ್ಟೇಟನ್ನೇ ಇಳಿಸಿತು. ಶಾಲೆಗೆ ಮಕ್ಕಳನ್ನು ಬಿಡುವ ಕಾರೊಂದು ಪಂದ್ಯದ ಟ್ರ್ಯಾಕಿನ ತಿರುವಿನಲ್ಲಿ ಒಂದು ಚಕ್ರ ಮೇಲೆತ್ತಿಕೊಂಡು ಹೋಗುವ ಚಿತ್ರಗಳು ಇಂದಿಗೂ ಕಾರುಪ್ರಿಯರ ನಡುವೆ ಓಡಾಡುತ್ತವೆ. ಅದು ಗೆದ್ದದ್ದೇನೂ ಇಲ್ಲ, ಮರುವರ್ಷವೇ ಸೆಡಾನ್ ಬಂತು. ಅದೇ 1994ರಲ್ಲಿ ಆಡಿ ಮತ್ತು ಪೋರ್ಷೆ ಸೇರಿ ತಂದ ಆರ್‌ಎಸ್2 ಅವಾಂಟ್‌ನಲ್ಲಿ 315 ಅಶ್ವಶಕ್ತಿಯ, ಐದು ಸಿಲಿಂಡರಿನ ಟರ್ಬೊ ಎಂಜಿನ್ ಇತ್ತು, ಅದನ್ನು ಜೋಡಿಸಿದ್ದು ಪೋರ್ಷೆಯ ಕಾರ್ಖಾನೆಯಲ್ಲಿ.

ಇನ್ನು ಕೊರತೆಗಳು. ಅವೇನೂ ಕಡಿಮೆಯಿಲ್ಲ, ಮತ್ತು ಅವು ಕೂಡ ಕೊಂಡ ಮೇಲೆಯೇ ಗೊತ್ತಾಗುವಂಥವು.

ಮೊದಲನೆಯದು ಸದ್ದು. ಸೆಡಾನಿನಲ್ಲಿ ಹಿಂದಿನ ಸೀಟಿನ ಬೆನ್ನು ಮತ್ತು ಅದರ ಮೇಲಿನ ಹಲಗೆ ಡಿಕ್ಕಿಯನ್ನು ಬೇರೆ ಕೋಣೆಯಾಗಿಸುತ್ತವೆ. ವ್ಯಾಗನ್ನಿನಲ್ಲಿ ಹಿಂದಿನ ಚಕ್ರಗಳ ಕಮಾನಿನಿಂದ ಏಳುವ ರಸ್ತೆಯ ಸದ್ದು ತಡೆಯಿಲ್ಲದೆ ಒಳಗೆ ಬರುತ್ತದೆ. ಖಾಲಿ ಡಿಕ್ಕಿ ಮೃದಂಗದ ಹೊಟ್ಟೆಯಂತೆ ಅದನ್ನು ತುಂಬಿ ಹೇಳುತ್ತದೆ. ಒರಟು ಡಾಂಬರಿನ ಮೇಲೆ ಹಿಂದೆ ಕೂತವರೊಡನೆ ದನಿ ಏರಿಸಿ ಮಾತಾಡುವುದು ನನಗೆ ಅಭ್ಯಾಸವಾಗಿದೆ. ಒಳಗಿನ ಗಾಳಿಯ ಪ್ರಮಾಣವೂ ಹೆಚ್ಚಾದ್ದರಿಂದ ಚಳಿಯಲ್ಲಿ ಬೆಚ್ಚಗಾಗಲು, ಬಿಸಿಲಿನಲ್ಲಿ ತಂಪಾಗಲು ಹೊತ್ತು ಹಿಡಿಯುತ್ತದೆ.

ಎರಡನೆಯದು ಹಿಂಗಾಜಿನ ಕೊಳೆ. ಸೆಡಾನಿನ ಇಳಿಜಾರು ಗಾಜಿನ ಮೇಲೆ ಗಾಳಿ ಬಹುಮಟ್ಟಿಗೆ ಅಂಟಿಕೊಂಡೇ ಹರಿಯುತ್ತದೆ. ವ್ಯಾಗನ್ನಿನ ಛಾವಣಿಯ ಅಂಚಿನಲ್ಲಿ ಅದು ತಟ್ಟನೆ ಕಳಚಿಕೊಳ್ಳುತ್ತದೆ. ಹಿಂದೆ ಒತ್ತಡ ಕಡಿಮೆಯಾದ ಒಂದು ಸುಳಿ ಹುಟ್ಟಿ, ಚಕ್ರಗಳು ಎರಚಿದ ಕೆಸರುನೀರನ್ನು ಮೇಲಕ್ಕೆಳೆದು ಗಾಜಿಗೆ ಬಳಿಯುತ್ತದೆ. ಹಿಂದೆ ವೈಪರ್ ಇರುವುದು ಅಲಂಕಾರಕ್ಕಲ್ಲ, ಆದರೆ ಅದು ಒರೆಸುವುದು ಬೀಸಣಿಗೆಯಾಕಾರದ ಒಂದು ಕಿಂಡಿಯನ್ನಷ್ಟೆ.

ಮೂರನೆಯದನ್ನು ಕೊರತೆ ಎನ್ನಬೇಕೋ ನನ್ನ ಪೆದ್ದುತನ ಎನ್ನಬೇಕೋ ಗೊತ್ತಿಲ್ಲ. ಡಿಕ್ಕಿಯೂ ನಾವು ಕೂರುವ ಜಾಗವೂ ಒಂದೇ ಕೋಣೆಯಾದ್ದರಿಂದ ಅಲ್ಲಿರುವುದು ಯಾವ ಕ್ಷಣದಲ್ಲಾದರೂ ಇಲ್ಲಿಗೆ ಬರಬಹುದು. ಎರಡನೆಯ ವರ್ಷದಲ್ಲಿ, ಹಿಂದಿನ ಸೀಟನ್ನು ಮಡಚಿ ಮರದ ಹಲಗೆಗಳನ್ನೂ ಬಣ್ಣದ ಡಬ್ಬಿಯೊಂದನ್ನೂ ಹಾಕಿಕೊಂಡು ಬರುತ್ತಿದ್ದಾಗ, ರಸ್ತೆಗೆ ಓಡಿಬಂದ ಚೆಂಡನ್ನು ಕಂಡು ಗಕ್ಕನೆ ಬ್ರೇಕ್ ಹಾಕಿದೆ. ಹಲಗೆಗಳು ಕಟ್ಟಿದ್ದರಿಂದ ಅಲುಗಲಿಲ್ಲ. ಡಬ್ಬಿ ಮಟ್ಟಸವಾದ ಆ ನೆಲದ ಮೇಲೆ ಸಲೀಸಾಗಿ ಜಾರಿ ಬಂದು ನನ್ನ ಸೀಟಿನ ಬುಡಕ್ಕೆ ಬಡಿಯಿತು, ಮುಚ್ಚಳ ಹಾರಿತು. ತಿಳಿಹಸಿರು ಬಣ್ಣದ ಒಂದು ಕೊಲ್ಲಿ ಇಂದಿಗೂ ಆ ನೆಲಹಾಸಿನ ಮೇಲಿದೆ. ನೆಲದಲ್ಲಿರುವ ನಾಲ್ಕು ಲೋಹದ ಕೊಂಡಿಗಳು ಯಾತಕ್ಕೆಂದು ಅಂದಿನ ತನಕ ನಾನು ಯೋಚಿಸಿರಲಿಲ್ಲ. ಛಾವಣಿಯಿಂದ ನೆಲದ ತನಕ ಕಟ್ಟುವ ಬಲೆಯೊಂದು ಹಲವು ವ್ಯಾಗನ್ನುಗಳಲ್ಲಿ ಸಿಗುತ್ತದೆ; ಹಳೆಯ ಕಾರು ಕೊಳ್ಳುವವರು ಆ ಬಲೆ ಜೊತೆಗೆ ಬರುತ್ತದೆಯೇ ಎಂದು ಕೇಳಿ ಪಡೆಯುವುದು ಒಳ್ಳೆಯದು.

ಸಾಮಾನಿನ ಮೇಲೆ ಎಳೆಯುವ ಸುರುಳಿ ಪರದೆಯ ಬಗ್ಗೆ ನನಗೆ ಇನ್ನೂ ಸಿಟ್ಟಿದೆ. ಡಿಕ್ಕಿಯೊಳಗಿನದು ಹೊರಗಿನವರ ಕಣ್ಣಿಗೆ ಬೀಳದಿರಲು ಅದು ಬೇಕೇ ಬೇಕು. ಆದರೆ ಸೀಟು ಮಡಚಿ ಎತ್ತರದ ಸಾಮಾನು ಹೇರುವಾಗ ಅದರ ಉದ್ದನೆಯ ಕೊಳವೆಯನ್ನು ಕಳಚಲೇಬೇಕು, ಕಳಚಿದ ಮೇಲೆ ಅದನ್ನಿಡಲು ಕಾರಿನಲ್ಲಿ ಜಾಗವಿಲ್ಲ. ನನ್ನದು ಹೆಚ್ಚು ಕಾಲ ಕಳೆದಿರುವುದು ಮನೆಯ ಬಾಗಿಲ ಹಿಂದೆ. ಈಚಿನ ಮಾದರಿಗಳಲ್ಲಿ ಕೆಲವಕ್ಕೆ ಡಿಕ್ಕಿಯ ನೆಲದಡಿಯಲ್ಲಿ ಈ ಕೊಳವೆಗೆಂದೇ ತೋಡು ಕೊಟ್ಟಿರುವುದನ್ನು ಕಂಡಾಗ ಆ ವಿನ್ಯಾಸಕಾರರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮಂಡಿನೋವಿರುವ ಹಿರಿಯರಿಗೆ ವ್ಯಾಗನ್ ಹಿತವಲ್ಲ ಎಂಬುದನ್ನು ಮುಚ್ಚಿಡಬಾರದು. ಎಸ್‌ಯುವಿಯ ಸೀಟಿಗೆ ನಿಂತಲ್ಲಿಂದ ಪಕ್ಕಕ್ಕೆ ಸರಿದು ಕೂರಬಹುದು. ಇಲ್ಲಿ ಬಗ್ಗಿ ಇಳಿಯಬೇಕು, ಏಳುವಾಗ ಬಾಗಿಲನ್ನು ಹಿಡಿದು ಮೈಯನ್ನು ಎತ್ತಿಕೊಳ್ಳಬೇಕು. ನೆಲಕ್ಕೂ ಕಾರಿನ ತಳಕ್ಕೂ ಇರುವ ಅಂತರ ಸೆಡಾನಿನಷ್ಟೇ ಆದ್ದರಿಂದ ಕೆಟ್ಟ ಹಾದಿಯಲ್ಲಿ ಎಚ್ಚರ ಬೇಕು. ದೊಡ್ಡ ವ್ಯಾಗನ್ನುಗಳ ಉದ್ದ 4.9 ಮೀಟರನ್ನು ಮುಟ್ಟುತ್ತದೆ, ಅದನ್ನು ನಿಲ್ಲಿಸುವ ಕಷ್ಟವನ್ನು ವಿವರಿಸಬೇಕಾಗಿಲ್ಲ. ಬಗ್ಗಲಾಗದವರಿಗೂ ಕೆಟ್ಟ ಹಾದಿಯಲ್ಲಿ ಹೋಗುವವರಿಗೂ ಎಂದೇ ವ್ಯಾಗನ್ನನ್ನು ಕೊಂಚ ಎತ್ತರಿಸಿ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟು, ಅಂಚುಗಳಿಗೆ ಕಪ್ಪು ಪ್ಲಾಸ್ಟಿಕ್ ಕಟ್ಟಿದ ಇನ್ನೊಂದು ಬಗೆಯಿದೆ. 1990ರ ದಶಕದ ನಡುವಿನಲ್ಲಿ ಸುಬಾರು ಔಟ್‌ಬ್ಯಾಕ್ ಅದಕ್ಕೆ ದಾರಿ ತೋರಿತು, ವೋಲ್ವೊದ ಕ್ರಾಸ್ ಕಂಟ್ರಿ ಮತ್ತು ಆಡಿಯ ಆಲ್‌ರೋಡ್ ಹಿಂಬಾಲಿಸಿದವು. ನನ್ನ ದೃಷ್ಟಿಯಲ್ಲಿ ಅದು ಒಳ್ಳೆಯ ರಾಜಿ.

ಇಷ್ಟು ಉಪಯೋಗವುಳ್ಳ ಕಾರು ಹಲವು ಮಾರುಕಟ್ಟೆಗಳಿಂದ ಮರೆಯಾದದ್ದು ಹೇಗೆ? ಅಮೆರಿಕದ ಕತೆ ಇದಕ್ಕೆ ಉತ್ತರ ಕೊಡುತ್ತದೆ. ಫೋರ್ಡ್ ಕಂಪನಿ 1929ರಲ್ಲಿ ಮಾಡೆಲ್ ಎ ವ್ಯಾಗನ್ನನ್ನು ತಾನೇ ಕಾರ್ಖಾನೆಯಿಂದ ಮಾರತೊಡಗಿದಾಗ ಅದರ ಮೈ ಮರದ್ದಾಗಿತ್ತು, ಆಗಾಗ ವಾರ್ನಿಷ್ ಬಳಿಯದಿದ್ದರೆ ಕೊಳೆಯುತ್ತಿತ್ತು. 1949ರ ಪ್ಲಿಮತ್ ಸಬರ್ಬನ್ ಪೂರ್ತಿ ಉಕ್ಕಿನ ಮೈ ತಂದ ಮೇಲೆ ಆ ಜಂಜಾಟ ತಪ್ಪಿ ವ್ಯಾಗನ್ ಸಂಸಾರವಂದಿಗರ ಕಾರಾಯಿತು. 1975ರ ಕಾನೂನೊಂದರ ಫಲವಾಗಿ ಬಂದ ಇಂಧನ ಮಿತವ್ಯಯದ ನಿಯಮಗಳು ಕಾರುಗಳಿಗೆ ಬಿಗಿಯಾಗಿದ್ದು, ಲಘು ಟ್ರಕ್ಕುಗಳಿಗೆ ಸಡಿಲವಾಗಿದ್ದವು. ವ್ಯಾಗನ್ ಕಾರಿನ ಲೆಕ್ಕಕ್ಕೆ ಸೇರಿತು. 1983ರ ಕೊನೆಗೆ ಕ್ರೈಸ್ಲರ್ ತಂದ ಮಿನಿವ್ಯಾನ್ ಮತ್ತು ಆಮೇಲೆ ಬಂದ ಎಸ್‌ಯುವಿಗಳು ಟ್ರಕ್ಕಿನ ಲೆಕ್ಕಕ್ಕೆ ಸೇರಿದವು. ಜೊತೆಗೆ, ಅಪ್ಪ ಅಮ್ಮನ ವ್ಯಾಗನ್ನಿನ ಹಿಂಬದಿಯಲ್ಲಿ ಕೂತು ಬೆಳೆದ ಮಕ್ಕಳಿಗೆ ಅದು ಹಿತ್ತಲ ಗಿಡವಾಯಿತು, ಮದ್ದಾಗಲಿಲ್ಲ. ಯುರೋಪಿನಲ್ಲಿ ಹಾಗಾಗಲಿಲ್ಲ. ಅಲ್ಲಿ ಫೋಕ್ಸ್‌ವ್ಯಾಗನ್ ತನ್ನ ಹೊಸ ಪಸಾಟ್‌ನ ಸೆಡಾನನ್ನೇ ಕೈಬಿಟ್ಟು, 690 ಲೀಟರಿನ ಡಿಕ್ಕಿಯುಳ್ಳ ವ್ಯಾಗನ್ನನ್ನು ಮಾತ್ರ ಉಳಿಸಿಕೊಂಡಿದೆ. ಬ್ರಿಟನ್ನಿನಲ್ಲಿ 2023ರಲ್ಲಿ ಎಸ್ಟೇಟುಗಳ ಮಾರಾಟ ನಿಲ್ಲಿಸಿದ್ದ ವೋಲ್ವೊ ಮರುವರ್ಷವೇ ಮನಸ್ಸು ಬದಲಿಸಿ ಅವನ್ನು ಮರಳಿ ತಂದಿತು.

ಕೊಳ್ಳಲು ಹೊರಟವರಿಗೆ, ಅದರಲ್ಲೂ ಹಳೆಯದನ್ನು ಹುಡುಕುವವರಿಗೆ, ಕೆಲವು ಮಾತು. ನೀವು ಹೆಚ್ಚಾಗಿ ಹೊರುವ ವಸ್ತುವನ್ನು ಜೊತೆಗೇ ಒಯ್ಯಿರಿ, ಅದು ಮಗುವಿನ ತಳ್ಳುಗಾಡಿಯಾಗಿರಲಿ, ವಾದ್ಯದ ಪೆಟ್ಟಿಗೆಯಾಗಿರಲಿ. ಮಾರುವವರು ವಿಚಿತ್ರವಾಗಿ ನೋಡಿದರೂ ಅದನ್ನು ಒಳಗಿಟ್ಟು ಬಾಗಿಲು ಮುಚ್ಚಿ ನೋಡಿ. ಸೀಟು ಮಡಚಿದಾಗ ನೆಲ ನಿಜವಾಗಿ ಸಮನಾಗುತ್ತದೆಯೋ ದಿಬ್ಬ ಉಳಿಯುತ್ತದೆಯೋ ಪರೀಕ್ಷಿಸಿ. ಡಿಕ್ಕಿಯ ಪಕ್ಕದ ಪ್ಲಾಸ್ಟಿಕ್ಕಿನ ಗೀರುಗಳು ಹಿಂದಿನ ಮಾಲೀಕರ ದಿನಚರಿಯನ್ನು ದಾಖಲೆಪತ್ರಗಳಿಗಿಂತ ಪ್ರಾಮಾಣಿಕವಾಗಿ ಹೇಳುತ್ತವೆ. ಹೆಚ್ಚುವರಿ ಟೈರಿನ ಗುಂಡಿಗೆ ಕೈಹಾಕಿ ಒದ್ದೆಯಿದೆಯೇ ನೋಡಿ, ಹಿಂದಿನ ದೀಪಗಳ ಸುತ್ತಲಿನ ರಬ್ಬರು ಸವೆದರೆ ಮಳೆನೀರು ಇಳಿದು ನಿಲ್ಲುವುದು ಅಲ್ಲಿಯೇ. ಭಾರ ಹೇರಿದಾಗಲೂ ಹಿಂಭಾಗವನ್ನು ಮಟ್ಟದಲ್ಲಿಡುವ ಸಸ್ಪೆನ್ಷನ್ 1970ರ ದಶಕದ ಕೊನೆಯಲ್ಲಿ ಮರ್ಸಿಡಿಸ್ 123 ಸರಣಿಯ ವ್ಯಾಗನ್ನಿನಲ್ಲೇ ಇತ್ತು, ಬಹಳ ಹಿತವಾದದ್ದು. ಆದರೆ ಹಳೆಯ ಕಾರಿನಲ್ಲಿ ಅದು ಕೆಟ್ಟರೆ ದುರಸ್ತಿ ದುಬಾರಿ, ಆದ್ದರಿಂದ ಕಾರನ್ನು ರಾತ್ರಿಯಿಡೀ ನಿಲ್ಲಿಸಿದ ಮೇಲೆ ಬೆಳಗ್ಗೆ ಹಿಂಭಾಗ ಕುಸಿದು ಕೂತಿದೆಯೇ ಎಂದು ನೋಡಬೇಕು. ಹಿಂಬಾಗಿಲನ್ನು ಎತ್ತಿ ಹಿಡಿಯುವ ಅನಿಲದ ಆಸರೆಕೊಳವೆಗಳ ಪರೀಕ್ಷೆಯನ್ನೂ ಚಳಿಯ ಬೆಳಗ್ಗೆಯೇ ಮಾಡಿ. ಬಿಸಿಲಿನಲ್ಲಿ ಗಟ್ಟಿಯಾಗಿ ನಿಲ್ಲುವ ಬಾಗಿಲು ಚಳಿಯಲ್ಲಿ, ನೀವು ಬಗ್ಗಿ ಚೀಲ ಎತ್ತಿಕೊಳ್ಳುತ್ತಿರುವಾಗ, ಸದ್ದಿಲ್ಲದೆ ನಿಧಾನವಾಗಿ ತಲೆಯ ಮೇಲೆ ಇಳಿಯುತ್ತದೆ. ನಾನು ನನ್ನವನ್ನು ಮೂರನೆಯ ಪೆಟ್ಟಿನ ನಂತರ ಬದಲಿಸಿದೆ. ಸ್ಕ್ರೂಡ್ರೈವರ್ ಒಂದಿದ್ದರೆ ಹತ್ತು ನಿಮಿಷದ ಕೆಲಸ, ಆದರೆ ಹಳೆಯದನ್ನು ಬಿಚ್ಚುವಾಗ ಬಾಗಿಲನ್ನು ಯಾರಾದರೂ ಹಿಡಿದುಕೊಂಡಿರಬೇಕು.